ಬೇಗ ಮುಗಿಸಿದ ಮಗುವಿಗೆ ಇನ್ನೂ ಹತ್ತು ಲೆಕ್ಕ ಕೊಡಬೇಡಿ: ಚುರುಕು ಮಕ್ಕಳಿಗೆ ಓದು, ಅಭ್ಯಾಸ, ಪರೀಕ್ಷೆ ಕಲಿಸುವ ಬಗೆ

ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದು ನಾನು ತಿರುಗುವಷ್ಟರಲ್ಲಿ ಅವನದು ಮುಗಿದಿರುತ್ತಿತ್ತು. ಆಮೇಲೆ ಪಕ್ಕದವನ ಕೂದಲು ಎಳೆಯೋದು, ಕಿಟಕಿ ಸರಳಿನ ಮೇಲೆ ಪೆನ್ಸಿಲ್‌ನಿಂದ ತಾಳ ಹಾಕೋದು. ನಾನು ಮಾಡಿದ್ದೇನು? ಇನ್ನೂ ಹತ್ತು ಲೆಕ್ಕ ಕೊಟ್ಟೆ. ಅದನ್ನೂ ಮುಗಿಸಿದ. ಮತ್ತೆ ಹತ್ತು. ಹದಿನೈದು ದಿನದಲ್ಲಿ ಅವನು ಒಂದು ಪಾಠ ಚೆನ್ನಾಗಿ ಕಲಿತ: ಬೇಗ ಮುಗಿಸಿದರೆ ಜಾಸ್ತಿ ಕೆಲಸ ಬೀಳುತ್ತೆ. ಆಮೇಲಿಂದ ಎಲ್ಲರ ಜೊತೆಗೇ ನಿಧಾನಕ್ಕೆ ಮುಗಿಸತೊಡಗಿದ. ಕ್ಲಾಸು ಶಾಂತವಾಯಿತು. ಸಮಾಧಾನವಾಯಿತು ಅಂತ ನಾನೂ ಅಂದುಕೊಂಡೆ.

ತಪ್ಪು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಆಮೇಲೆ ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ, ಮೂವತ್ತು ಮಕ್ಕಳ ನಡುವೆ, ಹೆಚ್ಚು ದುಡ್ಡಿಲ್ಲದೆ ಏನು ಮಾಡಬಹುದು ಅಂತ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಾಗಿ ಮೇಷ್ಟ್ರು, ಟೀಚರ್‌ಗಳಿಗೆ. ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರುತ್ತದೆ.

ತೊಂದರೆ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ

ನಮ್ಮ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಕಲಿಕಾ ಏಣಿ ಇದೆ, ಕಾರ್ಡುಗಳಿವೆ. ಮಗು ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಮೂರನೇ ತರಗತಿವರೆಗೆ ಚುರುಕು ಮಗುವಿಗೆ ಮುಂದೆ ಹೋಗಲು ದಾರಿ ಇರುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಏಣಿ ಮಾಯ. ಎಲ್ಲರೂ ಬೋರ್ಡ್ ಕಡೆ ಮುಖ ಮಾಡಿ ಒಂದೇ ಪುಟ ತೆರೆಯಬೇಕು. ಹಿಂದೆ ಬಿದ್ದ ಮಕ್ಕಳಿಗೆ ಪರಿಹಾರ ಬೋಧನೆ ಅಂತ ಒಂದಿದೆ, ಇರಲೇಬೇಕು. ಮುಂದೆ ಇರುವ ಮಗುವಿಗೆ ಏನಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಮಕ್ಕಳಿಗೆ ಹೆಚ್ಚುವರಿ ಸಾಮಗ್ರಿ ಕೊಡಿ, ವಿಷಯವಾರು ಕ್ಲಬ್ ಮಾಡಿ ಎನ್ನುತ್ತದೆ. ಕೋಣೆಯೊಳಗೆ ಅದನ್ನು ಮಾಡಬೇಕಾದವರು ಮಾತ್ರ ನಾವೇ.

ಮೊದಲ ಕೆಲಸ: ಯಾರು ಅಂತ ಗುರುತಿಸಿ, ಅಂಕಪಟ್ಟಿ ಬದಿಗಿಟ್ಟು

ಒಳ್ಳೆ ಅಂಕ ತೆಗೆಯುವ ಮಗುವೂ ಚುರುಕು ಮಗುವೂ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಚಂದದ ಅಕ್ಷರ, ಮುಗಿಸಿದ ಹೋಂವರ್ಕ್, ಬಾಯಿಪಾಠ ಇವೆಲ್ಲ ಶ್ರದ್ಧೆಯ ಗುರುತು. ನಾನು ಹುಡುಕುವುದು ಬೇರೆ. ಹೇಳಿಕೊಟ್ಟ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಉತ್ತರಕ್ಕೆ ಬರುವುದು. "ಹಾಗಾದ್ರೆ ಸೊನ್ನೆಯಿಂದ ಭಾಗಿಸಿದ್ರೆ?" ಅಂತ ಪಾಠದ ಅಂಚು ದಾಟಿ ಕೇಳುವುದು. ಒಂದೇ ವಿಷಯಕ್ಕೆ ಅಂಟಿಕೊಂಡು ದಿನಗಟ್ಟಲೆ ಬಿಡದಿರುವುದು.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೋಸೆಫ್ ರೆಂಝುಲಿ 1978ರಲ್ಲಿ ಇದನ್ನು ಮೂರು ಬಳೆಗಳಂತೆ ವಿವರಿಸಿದರು: ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಛಲ. ಮೂರೂ ಕೂಡುವ ಜಾಗದಲ್ಲಿ ಪ್ರತಿಭೆ ಕಾಣುತ್ತದೆ ಅಂತ ಅವರ ಮಾತು. ನನಗಿದು ಹಿಡಿಸಲು ಕಾರಣ, ಮೂರನೆಯ ಬಳೆಯನ್ನು ನಾವು ಬೆಳೆಸಬಹುದು.

ಅಂಕಪಟ್ಟಿಯಲ್ಲಿ ಕಾಣದ ಮಕ್ಕಳನ್ನು ಕಾಣಲು ನಾನು ಶನಿವಾರ ಆಟ ಇಡುತ್ತೇನೆ. ಹುಲಿ-ಕುರಿ ಆಟ ಗೊತ್ತಲ್ವಾ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕಲ್ಲು ಇಟ್ಟು ಆಡುವುದು. ಯಾವ ಮಗು ಎರಡು ಕುರಿ ಬಿಟ್ಟುಕೊಟ್ಟು ಹುಲಿಯನ್ನು ಮೂಲೆಗೆ ತರುತ್ತದೆ ನೋಡಿ. ಅಳಿಗುಳಿ ಮಣೆಯಲ್ಲಿ ಹರಳು ಎತ್ತುವ ಮೊದಲೇ ಕೊನೆ ಕಾಳು ಎಲ್ಲಿ ಬೀಳುತ್ತೆ ಅಂತ ಕಣ್ಣಲ್ಲೇ ಎಣಿಸುವವರು ಯಾರು ನೋಡಿ. ಮನೆಯಲ್ಲಿ ಲಂಬಾಣಿ ಮಾತಾಡುವ ಒಬ್ಬ ಹುಡುಗಿ ಕನ್ನಡ ಓದುವಾಗ ತಡವರಿಸುತ್ತಿದ್ದಳು. ಎಲ್ಲರೂ ಅವಳನ್ನು 'ಸ್ವಲ್ಪ ನಿಧಾನ' ಎಂಬ ಸಾಲಿಗೆ ಸೇರಿಸಿದ್ದೆವು. ಹುಲಿ-ಕುರಿಯಲ್ಲಿ ಅವಳನ್ನು ಏಳನೆಯವರೂ ಸೋಲಿಸಲಾಗಲಿಲ್ಲ.

ಮೂರು ವಾರ ನೋಡಿ. ದಿನಕ್ಕೆ ಎರಡು ಸಾಲು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ದಿನದ ಪರೀಕ್ಷೆಯಿಂದ ತೀರ್ಮಾನಿಸಬೇಡಿ. ಆಮೇಲೆ 'ಇವನು ಜಾಣ' ಅಂತ ತರಗತಿಯ ಮುಂದೆ ಡಂಗುರ ಸಾರಲೂ ಬೇಡಿ.

ಗೊತ್ತಿರುವುದನ್ನು ಮತ್ತೆ ಕಲಿಸುವುದು ನಿಲ್ಲಿಸಿ

ಇಡೀ ವಿಷಯದ ತಿರುಳು ಇಲ್ಲಿದೆ. ಹೀಗೆ ಮಾಡಿ.

1. ಹೊಸ ಅಧ್ಯಾಯ ಶುರು ಮಾಡುವ ಮುಂಚೆ, ಅಭ್ಯಾಸದ ಕೊನೆಯ ಐದು ಲೆಕ್ಕಗಳನ್ನು ಕೊಡಿ. ಕೊನೆಯವೇ ಕಷ್ಟದವು ಇರುತ್ತವೆ. ಬೇಕಾದವರು ಮಾಡಬಹುದು ಅಂತ ಎಲ್ಲರಿಗೂ ಹೇಳಿ, ಆಗ ಯಾರೂ ಬೇರೆಯಾಗಿ ಕಾಣುವುದಿಲ್ಲ.
2. ನಾಲ್ಕು ಸರಿ ಬಂದರೆ, ದಾರಿಯನ್ನೂ ಬರೆದಿದ್ದರೆ, ಆ ಮಗುವಿಗೆ ಅಧ್ಯಾಯದ ದಿನನಿತ್ಯದ ಲೆಕ್ಕಗಳಿಂದ ಬಿಡುಗಡೆ.
3. ತಪ್ಪಿದ ಆ ಒಂದು ಯಾವುದು ನೋಡಿ. ಅದನ್ನು ಹೇಳಿಕೊಡುವ ದಿನ ಮಗು ಪಾಠ ಕೇಳಲೇಬೇಕು.
4. ಉಳಿದ ಸಮಯಕ್ಕೆ ಒಂದು ಡಬ್ಬಿ. ನಮ್ಮದು ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಚೀಟಿಗಳು, ಒಂದೊಂದರಲ್ಲೂ ಒಂದು ಸವಾಲು.

ಸವಾಲು ಅಂದರೆ ಮುಂದಿನ ತರಗತಿಯ ಪಾಠ ಅಲ್ಲ, ದೊಡ್ಡ ದೊಡ್ಡ ಸಂಖ್ಯೆಗಳೂ ಅಲ್ಲ. ಅದೇ ಪಾಠದಲ್ಲಿ ಇನ್ನೂ ಆಳಕ್ಕೆ ಹೋಗುವ ಪ್ರಶ್ನೆ. ಐದನೇ ತರಗತಿಯ ಭಿನ್ನರಾಶಿಗೆ ನನ್ನ ಚೀಟಿ ಇದು: "1/2 ಅನ್ನು ಎರಡು ಬೇರೆ ಬೇರೆ ಭಿನ್ನರಾಶಿಗಳ ಮೊತ್ತವಾಗಿ ಬರೆ. ಎರಡರಲ್ಲೂ ಅಂಶ 1 ಇರಬೇಕು." ಸ್ವಲ್ಪ ತಡಕಾಡಿದರೆ 1/3 + 1/6 ಸಿಗುತ್ತದೆ. ಆಮೇಲೆ 1/3 ಅನ್ನು ಒಡೆ: 1/4 + 1/12. 1/4 ಅನ್ನು ಒಡೆ: 1/5 + 1/20. ಇಷ್ಟಾಗುವಾಗ ಮಗುವಿನ ಕಣ್ಣು ಅರಳುತ್ತದೆ, ಏನೋ ಒಂದು ಕ್ರಮ ಇದೆ! 1/10 ಅನ್ನು ಬರೆಯದೆಯೇ ಹೇಳುತ್ತದೆ: 1/11 + 1/110. ಆಗ ನೀವು ಕೇಳಿ, "1/4 ಅಂದರೆ 1/6 + 1/12 ಕೂಡ ಹೌದಲ್ಲ? ಹಾಗಾದರೆ ಎಷ್ಟು ರೀತಿಯಲ್ಲಿ ಒಡೆಯಬಹುದು?" ಈ ಒಂದು ಚೀಟಿ ಒಂದು ವಾರ ಓಡುತ್ತದೆ. ಸಂಕಲನ, ಲಸಾಅ, ಹೋಲಿಕೆ ಎಲ್ಲ ಅಭ್ಯಾಸವೂ ಅದರೊಳಗೇ ಆಗಿಹೋಗುತ್ತದೆ.

ವಿಜ್ಞಾನಕ್ಕೆ ಶಾಲೆಯ ಧ್ವಜಸ್ತಂಭವೇ ಸಾಕು. ವಾರಕ್ಕೊಮ್ಮೆ ನಡುಹಗಲಿನ ನೆರಳು ಅಳೆದು ಬರೆದಿಡಲಿ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ನಮ್ಮಲ್ಲಿ ಎಲ್ಲ ಊರಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಬೆಂಗಳೂರಲ್ಲಿ ಅದು ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲ್‌ನಲ್ಲಿ ನಮಗೆ ರಜೆ, ಆಗಸ್ಟ್‌ನಲ್ಲಿ ಮೋಡ! ಆದರೂ ಬಿಡಬೇಡಿ. ನೆರಳು ಅತಿ ಚಿಕ್ಕದಾಗುವುದು ಗಡಿಯಾರದಲ್ಲಿ ಸರಿಯಾಗಿ 12ಕ್ಕೆ ಯಾಕಲ್ಲ ಎಂಬ ಪ್ರಶ್ನೆ ಮಗುವಿನಿಂದಲೇ ಬರುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ರೇಖಾಂಶದ ಪಾಠ ಆಗುತ್ತದೆ.

ಒಂದು ಎಚ್ಚರ. ಬೇಗ ಮುಗಿಸಿದ ಮಗುವನ್ನು ನಮ್ಮ ಸಹಾಯಕನನ್ನಾಗಿ ಮಾಡಿಕೊಳ್ಳುವುದು ಸುಲಭ. ನೋಟ್‌ಬುಕ್ ತಿದ್ದು, ಇವಳಿಗೆ ಹೇಳಿಕೊಡು, ಗಲಾಟೆ ಮಾಡಿದವರ ಹೆಸರು ಬರೆ. ಯಾವಾಗಲೋ ಒಮ್ಮೆ ಪರವಾಗಿಲ್ಲ, ಹೇಳಿಕೊಡುವುದರಿಂದಲೂ ಕಲಿಯುತ್ತಾರೆ. ದಿನವೂ ಆದರೆ ಆ ಮಗುವಿಗೆ ಶಾಲೆಯಲ್ಲಿ ಹೊಸದೇನೂ ಸಿಗುವುದಿಲ್ಲ. ಗೆಳೆಯರೂ ಕೈಬಿಡುತ್ತಾರೆ.

ಒಂದು ತರಗತಿ ಹಾರಿಸಿ ಮುಂದೆ ಕೂರಿಸಿ ಅಂತ ಕೇಳುವ ಪಾಲಕರಿದ್ದಾರೆ. ನಾನು ಒಪ್ಪುವುದು ಕಡಿಮೆ. ಬದಲಿಗೆ ಗಣಿತದ ಪೀರಿಯಡ್‌ಗೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸುವುದು ಒಳ್ಳೆಯದು. ಎರಡು ಮೂರು ತರಗತಿ ಒಂದೇ ಕೋಣೆಯಲ್ಲಿರುವ ಚಿಕ್ಕ ಶಾಲೆಗಳನ್ನು ನಾವು ಶಪಿಸುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಅವು ವರ. ಐದನೆಯ ಮಗು ಆರನೆಯ ಪಾಠವನ್ನು ತನ್ನ ಜಾಗದಿಂದಲೇ ಕೇಳುತ್ತದೆ.

ಓದು: ವೇಗ ಇದೆ, ನಿಲ್ಲಿಸುವುದನ್ನು ಕಲಿಸಿ

ಚುರುಕು ಮಕ್ಕಳು ಬೇಗ ಓದುತ್ತಾರೆ, ಓದಿದ್ದು ಅರ್ಥವಾಯಿತು ಅಂದುಕೊಳ್ಳುತ್ತಾರೆ. ಅರ್ಧದಷ್ಟು ಸಲ ಹಾರಿಸಿಯೇ ಓದಿರುತ್ತಾರೆ. ಅದಕ್ಕೆ ನನ್ನ ಒಂದೇ ಪ್ರಶ್ನೆ: "ಎಲ್ಲಿ ಹೇಳಿದೆ, ಸಾಲು ತೋರಿಸು." ಉತ್ತರ ಸರಿ ಇದ್ದರೂ ಕೇಳುತ್ತೇನೆ. ಮೊದಲು ಸಿಟ್ಟಾಗುತ್ತಾರೆ. ತಿಂಗಳಲ್ಲಿ ತಾವಾಗಿಯೇ ಬೆರಳಿಟ್ಟು ತೋರಿಸುತ್ತಾರೆ.

ಎರಡನೆಯದು ಪೆನ್ಸಿಲ್. ಓದುವಾಗ ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ, ಒಪ್ಪದ ಕಡೆ ಅಡ್ಡಗೆರೆ. ಗ್ರಂಥಾಲಯದ ಪುಸ್ತಕವಾದರೆ ಚೀಟಿ ಇಡಲಿ. ಒಂದೂ ಗುರುತು ಇಲ್ಲದೆ ಪುಸ್ತಕ ವಾಪಸ್ ಬಂದರೆ ಅದು ಅವರಿಗೆ ಸುಲಭವಾಯಿತು ಎಂದರ್ಥ.

ಮೂರನೆಯದು ಪತ್ರಿಕೆ. ಒಂದೇ ದಿನದ ಎರಡು ಕನ್ನಡ ಪತ್ರಿಕೆ ತನ್ನಿ. ಒಂದೇ ಸುದ್ದಿಯ ಎರಡು ತಲೆಬರಹ ಪಕ್ಕಪಕ್ಕ ಇಡಿ. ಯಾವ ಪದ ಬದಲಾಗಿದೆ, ಬದಲಾದ್ದರಿಂದ ಓದುವವರಿಗೆ ಏನನ್ನಿಸುತ್ತೆ? ಟೀ ಅಂಗಡಿಯಲ್ಲಿ ಕೇಳಿದರೆ ಹಿಂದಿನ ದಿನದ್ದು ಸುಮ್ನೆ ಕೊಡುತ್ತಾರೆ. ಏಳನೆಯವರಿಗೆ ಇದಕ್ಕಿಂತ ಒಳ್ಳೆಯ ಓದಿನ ಪಾಠ ನಾನು ಕಂಡಿಲ್ಲ.

ಪುಸ್ತಕ ಎಲ್ಲಿಂದ? ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಹಂತದ ಪ್ರಕಾರ ಉಚಿತವಾಗಿ ಸಿಗುತ್ತವೆ. ಕಥೆ ಮಾತ್ರ ಓದುವ ಮಗುವಿಗೆ ಪ್ರಾಣಿ, ಬಾಹ್ಯಾಕಾಶ, ಯಂತ್ರದ ಪುಸ್ತಕ ದಾಟಿಸಿ. ಅದನ್ನೇ ಓದುವವರಿಗೆ ಕಥೆ ಕೊಡಿ.

ಇನ್ನೊಂದು ಮಾತು, ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ. ಹತ್ತರಲ್ಲಿ ಶಾಲೆಗೇ ಮೊದಲು ಬಂದ ಮಗು ಪಿಯುಸಿ ವಿಜ್ಞಾನಕ್ಕೆ ಹೋಗಿ ಮೂರು ತಿಂಗಳಲ್ಲಿ ಕುಗ್ಗಿಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಬುದ್ಧಿ ಹೋಗಿಲ್ಲ, ಪದಗಳು ಬದಲಾಗಿವೆ ಅಷ್ಟೇ. ಎಂಟನೆಯಿಂದಲೇ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಎಳೆಸಿ. ಒಂದು ಕಡೆ ದ್ಯುತಿಸಂಶ್ಲೇಷಣೆ, ಇನ್ನೊಂದು ಕಡೆ ಫೋಟೋಸಿಂಥಸಿಸ್. ಒಂದು ಕಡೆ ವೇಗೋತ್ಕರ್ಷ, ಇನ್ನೊಂದು ಕಡೆ ಆಕ್ಸಲರೇಷನ್. ದಿನಕ್ಕೆ ಎರಡು ಪದ ಸಾಕು.

ಅಭ್ಯಾಸ: ಓದದೆಯೇ ಪಾಸಾದವರಿಗೆ ಓದುವುದು ಹೇಗೆ ಗೊತ್ತಿರುತ್ತೆ?

ಏಳನೆಯವರೆಗೆ ಕ್ಲಾಸಿನಲ್ಲಿ ಕೇಳಿದ್ದೇ ಸಾಕಾಗಿರುತ್ತದೆ. ಎಂಟು, ಒಂಬತ್ತರಲ್ಲಿ ಮೊದಲ ಸಲ ಒಂದು ಪಾಠ ತಲೆಗೆ ಹತ್ತುವುದಿಲ್ಲ. ಆಗ ಮಗು 'ನಾನು ಜಾಣ ಅಲ್ಲ' ಅಂದುಕೊಳ್ಳುತ್ತದೆ. ಈ ದಿನ ಬರುವ ಮುಂಚೆಯೇ ಓದುವ ವಿಧಾನ ಕಲಿಸಿರಬೇಕು.

ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯುವುದು ಮೊದಲ ಅಭ್ಯಾಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದಿದ್ದರು. ಮಕ್ಕಳಿಗೆ ಇದನ್ನು ಹೇಳಬೇಡಿ, ಮಾಡಿಸಿ ತೋರಿಸಿ. ತರಗತಿಯನ್ನು ಎರಡು ಭಾಗ ಮಾಡಿ ಸೋಮವಾರ ಓದಿಸಿ, ಮುಂದಿನ ಸೋಮವಾರ ಕೇಳಿ. ಚುರುಕು ಮಕ್ಕಳು ಉಪದೇಶ ನಂಬುವುದಿಲ್ಲ, ಪ್ರಯೋಗ ನಂಬುತ್ತಾರೆ.

ದಾರಿ ಬರೆಯುವುದು ಎರಡನೆಯದು. "ತಲೆಯಲ್ಲೇ ಮಾಡಿದೆ ಮಿಸ್" ಎನ್ನುವ ಮಗುವಿಗೆ ನನ್ನ ಲೆಕ್ಕ ಹೀಗೆ: ಉತ್ತರಕ್ಕೆ ಒಂದು ಅಂಕ, ದಾರಿಗೆ ಮೂರು. ಸುಲಭದ ಲೆಕ್ಕಕ್ಕೆ ದಾರಿ ಬರೆ ಎಂದರೆ ಅವರಿಗೆ ಅವಮಾನ. ತಲೆಯಲ್ಲಿ ಹಿಡಿಯಲಾಗದಷ್ಟು ದೊಡ್ಡ ಲೆಕ್ಕ ಕೊಡಿ, ಕೈ ತಾನಾಗಿ ಕಾಗದಕ್ಕೆ ಹೋಗುತ್ತದೆ.

ಮೂರನೆಯದು ತಪ್ಪಿನ ಪುಸ್ತಕ. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದದ್ದನ್ನು ಅದರಲ್ಲಿ ಬರೆದು, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಒಂದು ಪದ: ಗೊತ್ತಿರಲಿಲ್ಲ, ತಪ್ಪು ಓದಿದೆ, ಆತುರ, ಊಹೆ. ಚುರುಕು ಮಕ್ಕಳ ಪುಸ್ತಕದಲ್ಲಿ 'ಗೊತ್ತಿರಲಿಲ್ಲ' ತೀರಾ ಕಡಿಮೆ. 'ತಪ್ಪು ಓದಿದೆ' ಸಾಲುಗಟ್ಟಿ ನಿಂತಿರುತ್ತದೆ. ಅದನ್ನು ನೋಡಿ ಅವರಿಗೇ ನಗು ಬರುತ್ತದೆ.

ಇನ್ನು ಹೊಗಳಿಕೆ. 1998ರಲ್ಲಿ ಮ್ಯುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನ ನನ್ನ ಬಾಯಿಗೆ ಬೀಗ ಹಾಕಿತು. ಒಂದಷ್ಟು ಮಕ್ಕಳಿಗೆ 'ನೀನು ಬುದ್ಧಿವಂತ' ಎಂದರು, ಇನ್ನಷ್ಟು ಮಕ್ಕಳಿಗೆ 'ಚೆನ್ನಾಗಿ ಪ್ರಯತ್ನ ಮಾಡಿದೆ' ಎಂದರು. ಆಮೇಲೆ ಕಷ್ಟದ ಪ್ರಶ್ನೆ ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು. ತಮ್ಮ ಅಂಕವನ್ನು ಬೇರೆಯವರಿಗೆ ಹೇಳುವಾಗ ಹೆಚ್ಚು ಮಾಡಿ ಹೇಳಿದವರೂ ಅವರಲ್ಲೇ ಜಾಸ್ತಿ. ಈಗ ನಾನು "ಎರಡನೇ ದಾರಿ ಹಿಡಿದದ್ದು ಚೆನ್ನಾಗಿತ್ತು" ಎನ್ನುತ್ತೇನೆ. ಏನು ಮಾಡಿದ್ದು ಚೆನ್ನಾಗಿತ್ತು ಅಂತ ಹೇಳಿದರೆ ಅದನ್ನು ಮತ್ತೆ ಮಾಡಬಹುದು, ಅಲ್ವಾ?

ಒಂದೇ ವಿಷಯದ ಹುಚ್ಚು ಇರುವ ಮಕ್ಕಳ ಬಗ್ಗೆಯೂ ಹೇಳಬೇಕು. ರಾಮಾನುಜನ್ 1904ರಲ್ಲಿ ಕುಂಭಕೋಣಂ ಕಾಲೇಜಿಗೆ ವಿದ್ಯಾರ್ಥಿವೇತನದ ಮೇಲೆ ಸೇರಿದರು. ಗಣಿತ ಬಿಟ್ಟು ಬೇರೇನೂ ಓದದೆ ಅದನ್ನು ಕಳೆದುಕೊಂಡರು. ನಿಮ್ಮ ಕ್ಲಾಸಿನ ಗಣಿತದ ಹುಚ್ಚನಿಗೆ ಸಮಾಜವಿಜ್ಞಾನದಲ್ಲೂ ನೂರು ಬರಲಿ ಅಂತ ಹಟ ಬೇಡ. ಆದರೆ ಅದು ದಾರಿಗೆ ಅಡ್ಡ ಬರದಷ್ಟು ಓದಿಸಿ. ಎಷ್ಟು ಸಾಕು ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಪರೀಕ್ಷೆ: ಯಾವುದು, ಯಾವಾಗ, ಹೇಗೆ

ಐದನೇ ತರಗತಿಯಲ್ಲಿ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯ ಪರೀಕ್ಷೆ. ಆರನೇ ತರಗತಿಯ ಪ್ರವೇಶಕ್ಕೆ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ ಬೌದ್ಧಿಕ ಸಾಮರ್ಥ್ಯದ್ದು, 20 ಅಂಕಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ ಒಂದೇ ಸಲ ಅವಕಾಶ.

ಎಂಟನೆಯಲ್ಲಿ ಎನ್‌ಎಂಎಂಎಸ್. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಪಾಲಕರ ವರ್ಷದ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಒಂದು ಬೌದ್ಧಿಕ ಸಾಮರ್ಥ್ಯ, ಇನ್ನೊಂದು ವಿಜ್ಞಾನ, ಸಮಾಜವಿಜ್ಞಾನ, ಗಣಿತ. ಬಡ ಮನೆಯ ಹೆಣ್ಣುಮಗುವನ್ನು ಶಾಲೆಯಲ್ಲಿ ಉಳಿಸಲು ಈ ದುಡ್ಡಿನಷ್ಟು ಬಲವಾದ ಮಾತು ಬೇರೆ ಇಲ್ಲ. ಅಪ್ಪನ ಮುಂದೆ ನಾನು ಮೊದಲು ಹೇಳುವುದೇ ಇದನ್ನು. ಕಾಗದಪತ್ರ ಈಗಲೇ ಸರಿಮಾಡಿ: ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಆಧಾರ್‌ನಲ್ಲೂ ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ಹೆಸರು, ಒಂದೇ ಇನಿಷಿಯಲ್. ಆಯ್ಕೆಯಾದ ಮೇಲೆ ಪ್ರತಿ ವರ್ಷ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. ಪರೀಕ್ಷೆ ಗೆದ್ದು ನವೀಕರಣದಲ್ಲಿ ಸೋತ ಮಕ್ಕಳಿದ್ದಾರೆ, ನನ್ನ ಕಣ್ಣೆದುರಿಗೇ.

ಎಂಟರ ಮೇಲೆ, ಗಣಿತದಲ್ಲಿ ನಿಜವಾದ ಹಸಿವಿರುವವರಿಗೆ ಐಒಕ್ಯುಎಂ. ಗಣಿತ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲು. ಮೂರು ಗಂಟೆಗೆ 30 ಪ್ರಶ್ನೆ ಅಷ್ಟೇ. ನವೋದಯದಲ್ಲಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ, ಎನ್‌ಎಂಎಂಎಸ್‌ನಲ್ಲಿ ಒಂದು ನಿಮಿಷ, ಇಲ್ಲಿ ಆರು ನಿಮಿಷ. ಅರ್ಧದಷ್ಟು ಪ್ರಶ್ನೆ ಬಿಟ್ಟು ಬರುವುದೂ ಇಲ್ಲಿ ಸಹಜ ಅಂತ ಮೊದಲೇ ಹೇಳಿ ಕಳಿಸಿ.

ತಯಾರಿಯಲ್ಲಿ ಚುರುಕು ಮಕ್ಕಳಿಗೆ ಒಂದು ವಿಚಿತ್ರ ತೊಂದರೆ ಇದೆ. 9, 16, 25, 27, ಗುಂಪಿಗೆ ಸೇರದ್ದು ಯಾವುದು? ಪುಸ್ತಕದ ಉತ್ತರ 27, ಉಳಿದವು ವರ್ಗಸಂಖ್ಯೆಗಳು. ನನ್ನ ಹುಡುಗ 16 ಎಂದ. ಯಾಕೋ? "ಅದೊಂದೇ ಸಮಸಂಖ್ಯೆ ಮಿಸ್." ತಪ್ಪು ಅನ್ನಲಾಗುತ್ತಾ? ನಾನು ಹೇಳಿದ್ದು ಇಷ್ಟು: ಕ್ಲಾಸಿನಲ್ಲಿ ನಿನ್ನ ತಲೆಯಲ್ಲಿರುವುದನ್ನು ಹೇಳು. ಉತ್ತರದ ಸುತ್ತು ತುಂಬುವ ಓಎಂಆರ್ ಶೀಟಿನ ಮುಂದೆ, ಪ್ರಶ್ನೆ ಬರೆದವರ ತಲೆಯಲ್ಲಿ ಏನಿತ್ತು ಅಂತ ಹುಡುಕು. ಮಕ್ಕಳಿಗೆ ಇದು ಒಂದು ಆಟದಂತೆ ಹಿಡಿಸಿತು. ಆಮೇಲೆ ತಾವೇ ಇಂಥ ಪ್ರಶ್ನೆ ಬರೆದು, ಎರಡು ಉತ್ತರ ಬರುವ ಹಾಗಿದ್ದರೆ ತಿದ್ದಿಕೊಂಡರು.

ಉಳಿದದ್ದು ಚಿಕ್ಕಪುಟ್ಟ ವಿಷಯ. ನವೋದಯ, ಎನ್‌ಎಂಎಂಎಸ್ ಎರಡರಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದೂ ಖಾಲಿ ಬಿಡಬಾರದು. ಹತ್ತು ಪ್ರಶ್ನೆಗೊಮ್ಮೆ ಓಎಂಆರ್‌ನಲ್ಲಿ ಸಾಲು ತಪ್ಪಿದೆಯಾ ನೋಡಿಕೊಳ್ಳಲಿ. ಪೂರ್ತಿ ಸಮಯದ ಅಣಕು ಪರೀಕ್ಷೆ ನಾಲ್ಕೈದು ಸಾಕು. ದಿನಾ ಒಂದರಂತೆ ಬರೆಸಿದರೆ ಮಗು ಪರೀಕ್ಷೆಗೆ ಹೋಗುವ ಮುಂಚೆಯೇ ಸುಸ್ತಾಗಿರುತ್ತದೆ.

ಫಲಿತಾಂಶದ ದಿನ ನೀವು ಆ ಮನೆಗೆ ಹೋಗಿ. ನವೋದಯದ ಒಂದು ಶಾಲೆಗೆ ಆರನೇ ತರಗತಿಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು, ಬರೆಯುವವರು ಸಾವಿರಗಟ್ಟಲೆ. ಸಿಗದಿದ್ದಾಗ ಊರಲ್ಲಿ ಮಾತು ಬರುತ್ತದೆ. ಆ ಸಂಜೆ ಟೀಚರ್ ಬಂದು ಜಗಲಿ ಮೇಲೆ ಕೂತು, ಸೋಮವಾರ ಡಬ್ಬಿಯಲ್ಲಿ ಹೊಸ ಚೀಟಿ ಹಾಕಿದ್ದೀನಿ ಅಂದರೆ ಸಾಕು, ಮಗು ಸೋಮವಾರ ಬರುತ್ತದೆ.

ನಮಗೇ ಗೊತ್ತಿಲ್ಲದ್ದನ್ನು ಕೇಳಿದಾಗ

ಕೇಳುತ್ತಾರೆ. ಗದರಿಸಬೇಡಿ, "ಅದು ಸಿಲಬಸ್‌ನಲ್ಲಿಲ್ಲ" ಅನ್ನಬೇಡಿ. ಕ್ಲಾಸಿನ ಮೂಲೆಯಲ್ಲಿ ಒಂದು ಕಾಗದ ಅಂಟಿಸಿ, ಉತ್ತರ ಸಿಗದ ಪ್ರಶ್ನೆಗಳನ್ನು ಅಲ್ಲಿ ಬರೆಸಿ. ತಿಂಗಳಿಗೊಮ್ಮೆ ಆ ಕಾಗದ ಹಿಡಿದು ಗೊತ್ತಿರುವವರ ಹತ್ತಿರ ಹೋಗಿ: ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಪಿಯು ಲೆಕ್ಚರರ್, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಪರಿಚಯದವರು, ಪಶುವೈದ್ಯರು, ಲೈನ್‌ಮನ್. ಸಾಧ್ಯವಾದರೆ ಮಗುವನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಆ ಭಿನ್ನರಾಶಿ ಚೀಟಿಯನ್ನು ಒಂದು ವಾರ ಹಿಡಿದು ಕೂತ ಹುಡುಗ ಶುಕ್ರವಾರ ಕೇಳಿದ್ದ: "ಅಂಶ 1 ಇಲ್ಲದಿದ್ರೂ ಹೀಗೆ ಒಡೆಯೋಕಾಗುತ್ತಾ ಮಿಸ್? 3/7 ಥರದ್ದು? ಎಲ್ಲಾದಕ್ಕೂ ಆಗುತ್ತಾ?" ನನಗೆ ಗೊತ್ತಿರಲಿಲ್ಲ. ಕಾಗದದ ಮೇಲೆ ಬರೆಸಿದೆ. ತಾಲ್ಲೂಕಿನ ಪಿಯು ಕಾಲೇಜಿನ ಗಣಿತದ ಲೆಕ್ಚರರ್ ಒಂದೇ ಸುಳಿವು ಕೊಟ್ಟರು, ಉತ್ತರ ಹೇಳಲಿಲ್ಲ: ಪ್ರತಿ ಸಲವೂ ಕಳೆಯಬಹುದಾದ, ಅಂಶ 1 ಇರುವ ಅತಿ ದೊಡ್ಡ ತುಂಡು ಯಾವುದೋ ಅದನ್ನು ಕಳೆ, ಉಳಿದದ್ದಕ್ಕೆ ಮತ್ತೆ ಅದನ್ನೇ ಮಾಡು.

ಹುಡುಗ ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಾಡಲಿಲ್ಲ. ಟಿಕೆಟ್‌ನ ಹಿಂದೆ ಜಾಗ ಸಾಲದೆ ಅಂಗೈ ಮೇಲೆ ಬರೆಯುತ್ತಿದ್ದ. ನಮ್ಮೂರ ಸ್ಟಾಪ್ ಬಂದಾಗ ಕೈ ಮುಂದೆ ಹಿಡಿದ. ಬೆವರಿಗೆ ಅರ್ಧ ಅಳಿಸಿತ್ತು, ಆದರೂ ಓದಬಹುದಿತ್ತು: 1/3 + 1/11 + 1/231.